ಓಣಿ ಬಿಟ್ಟ ಸೂಜಿ

ಆಯುಧ ಪೂಜೆಯ ದಿನ ನಾನೊಂದು ನಿಂಬೆಹಣ್ಣು ಹೋಳು ಮಾಡಿದೆ. ಅದರ ನಾಚಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ನಗುವುದಾದರೆ ಈಗಲೇ ನಕ್ಕುಬಿಡಿ, ಮುಂದೆ ನಗುವಂಥದ್ದು ಹೆಚ್ಚೇನೂ ಇಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮಧುಗಿರಿಯಲ್ಲಿ ಮಹಿಳಾ ಸಮಾಜವೊಂದರ ಹೊಲಿಗೆ ತರಗತಿಗೆ ನಾನು ಟೀಚರು. ಇನ್ನೂ ಮದುವೆಯಾಗಿರಲಿಲ್ಲ, ಕೆಲಸವೂ ಕಾಯಂ ಆಗಿರಲಿಲ್ಲ. ಆದರೂ ನನ್ನ ಗತ್ತು ನೋಡಬೇಕಿತ್ತು! ಕೈಗೆ ವಾಚು, ಕೊರಳಿಗೆ ಟೇಪು, ಮೂಗಿನ ತುದಿಯಲ್ಲಿ ಕೋಪ. ಸುತ್ತಲ ಹಳ್ಳಿಗಳಿಂದ ಹತ್ತು ಹನ್ನೆರಡು ಹೆಂಗಸರು ಕಲಿಯಲು ಬರುತ್ತಿದ್ದರು. ಅವರಲ್ಲಿ ಕೆಲವರು ನನಗಿಂತ ದೊಡ್ಡವರು. ಆದರೂ ನಾನು ಎಲ್ಲರನ್ನೂ ಏಕವಚನದಲ್ಲೇ ಮಾತನಾಡಿಸುತ್ತಿದ್ದೆ. ಹಾಗೆ ಗದರಿಸಿದರೇ ಕಲಿಯುವುದು ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಲಂಗ, ಜಾಕೀಟುಗಳ ಜೊತೆಗೆ ಆ ವರ್ಷ ಮಿಷನ್ನಿನಲ್ಲಿ ಕೌದಿ ಹೊಲಿಯುವುದನ್ನೂ ಕಲಿಸಬೇಕೆಂದು ನಮ್ಮ ಅಧ್ಯಕ್ಷರಮ್ಮ ಆಸೆಪಟ್ಟರು. ಕೌದಿ ನಮಗೇನು ಹೊಸದಲ್ಲ. ಹಳೆಯ ಸೀರೆ, ಪಂಚೆಗಳನ್ನು ನಾಲ್ಕು ಪದರ ಹಾಸಿ, ಅದರ ಮೇಲೆ ಚೌಕ ಚೌಕದ ತುಂಡುಗಳನ್ನು ಕೂಡಿಸಿದ ಬಟ್ಟೆ ಹೊದಿಸಿ, ಎಲ್ಲವನ್ನೂ ಸೇರಿಸಿ ಹೊಲಿಯುವುದು. ಕೈಯಲ್ಲಿ ಹೊಲಿದರೆ ಹೊಲಿಗೆ ಮೇಲೆಲ್ಲ ಎದ್ದು ಕಾಣುತ್ತದೆ, ಅದೇ ಅದರ ಚಂದ. ಮಿಷನ್ನಿನ ಕೌದಿಯ ಗತ್ತೇ ಬೇರೆ. ಎರಡು ತುಂಡು ಕೂಡುವ ಕಡೆ ಒಂದು ಸಣ್ಣ ತಗ್ಗು ಬರುತ್ತದೆ. ಸೂಜಿ ಆ ತಗ್ಗಿನಲ್ಲೇ ಇಳಿದು, ಆ ತಗ್ಗಿನಲ್ಲೇ ಉದ್ದಕ್ಕೂ ಹೋಗಬೇಕು. ಆಗ ದಾರ ತಗ್ಗಿನಲ್ಲಿ ಮುಳುಗಿ, ಮೇಲಿನಿಂದ ನೋಡಿದವರಿಗೆ ಹೊಲಿಗೆ ಹಾಕಿದ್ದೇ ಗೊತ್ತಾಗುವುದಿಲ್ಲ. ಕೂದಲೆಳೆಯಷ್ಟು ಆಚೆ ಸರಿದರೂ ಸಾಕು, ದಾರ ಬಟ್ಟೆಯ ಮೇಲೆ ಹತ್ತಿ ಕುಳಿತು ಎಲ್ಲರಿಗೂ ಕಾಣುತ್ತದೆ.

ಹೇಳುವುದು ಸುಲಭ. ಅಷ್ಟು ದಪ್ಪದ ಬಟ್ಟೆ ಸೂಜಿಯ ಕೆಳಗೆ ಹೇಳಿದ ಮಾತು ಕೇಳಬೇಕಲ್ಲ! ಮೊದಲ ಹದಿನೈದು ದಿನ ಹೆಚ್ಚುಕಡಿಮೆ ಎಲ್ಲರ ಹೊಲಿಗೆಯೂ ಹಾವು ಹರಿದಂತೆ ಬಂತು. ನಾನು ಕೂಗಾಡಿದೆ. ಕೂಗಾಟದಿಂದ ಹೊಲಿಗೆ ನೆಟ್ಟಗಾಗಲಿಲ್ಲ. ಕೊನೆಗೆ ಶಿರಾಕ್ಕೆ ಹೋಗಿ, ಅಲ್ಲಿ ಮಿಷನ್ ರಿಪೇರಿ ಮಾಡುವ ಸಾಹೇಬರೊಬ್ಬರ ಮುಂದೆ ಕುಳಿತು, ನನಗೆ ಬೇಕಾದ್ದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ ಇರುತ್ತದಲ್ಲ, ಅದರ ಮುಂದುಗಡೆ, ಸೂಜಿಗೆ ನೇರವಾಗಿ, ಒಂದು ತೆಳ್ಳನೆಯ ಹಿತ್ತಾಳೆ ಅಲಗು ಕೂರಿಸಿಕೊಡಿ ಎಂದೆ. ಅಲಗು ತಗ್ಗಿನೊಳಗೆ ಓಡಿದರೆ ಹಿಂದೆಯೇ ಸೂಜಿ ಬರುತ್ತದೆ, ಆಚೀಚೆ ಸರಿಯಲು ಅದಕ್ಕೆ ದಾರಿಯೇ ಇರುವುದಿಲ್ಲ. ಸಾಹೇಬರು ಎರಡು ದಿನ ತೆಗೆದುಕೊಂಡು, ಬೆಸುಗೆ ಹಾಕಿ, ಅರದಿಂದ ಉಜ್ಜಿ, ಕೈಗಿಟ್ಟರು.

"ಅಮ್ಮಾ, ಇದು ಬಹಳ ನಾಜೂಕು ಚೀಜು. ಏಟು ಗೀಟು ಬೀಳ್ಬಾರ್ದು. ಬಿತ್ತೂ ಅಂದ್ರೆ ಅದ್ರಾಗೆ ಹೊಲೀಬೇಡಿ, ಸೀದಾ ನನ್ತಾವ ತನ್ನಿ" ಎಂದಿದ್ದರು.

ಅದಕ್ಕೆ ನಾವು ಗೈಡು ಎಂದು ಹೆಸರಿಟ್ಟೆವು. ಇದ್ದದ್ದು ಅದೊಂದೇ. ಸರದಿಯಂತೆ ಒಬ್ಬೊಬ್ಬರೇ ಅದರಲ್ಲಿ ಹೊಲಿಯಬೇಕು. ಅಧ್ಯಕ್ಷರಮ್ಮ ನೋಡಿ, "ಭೇಷ್, ಇದು ನಿಮ್ಮದೇ ಐಡಿಯಾನಾ?" ಎಂದರು. ಅವತ್ತಿನಿಂದ ನನ್ನ ತಲೆಯ ಮೇಲೆ ಎರಡು ಕೊಂಬು.

ಕಲಿಯುವವರಲ್ಲಿ ಒಬ್ಬಾಕೆ ಐ.ಡಿ.ಹಳ್ಳಿ ಕಡೆಯಿಂದ ಬರುತ್ತಿದ್ದಳು. ಕುರಿ ಕಾಯುವವರ ಮನೆ ಸೊಸೆ. ಸುಗ್ಗಿ ಮುಗಿಯುತ್ತಲೇ ಆ ಮನೆಯವರು ಮಂದೆ ಹೊಡೆದುಕೊಂಡು ಊರು ಬಿಟ್ಟರೆ ಮಳೆ ಬೀಳುವವರೆಗೂ ಹಿಂತಿರುಗುತ್ತಿರಲಿಲ್ಲ. ಹೊಲದಿಂದ ಹೊಲಕ್ಕೆ, ಪಾವಗಡ ದಾಟಿ ಆಂಧ್ರದವರೆಗೂ. ಈಕೆಗೆ ಐದು ವರ್ಷದ ಒಬ್ಬಳೇ ಮಗಳು. ಆ ಮಗುವನ್ನು ಮುಂದಿನ ವರ್ಷ ಸ್ಕೂಲಿಗೆ ಸೇರಿಸಬೇಕು, ಅದಕ್ಕೆ ತಾನು ಊರಲ್ಲೇ ನಿಲ್ಲಬೇಕು, ನಿಲ್ಲಬೇಕಾದರೆ ಊರಲ್ಲೊಂದು ಕೆಲಸ ಇರಬೇಕು. ಇಷ್ಟನ್ನೂ ಅವಳು ಮೊದಲ ದಿನವೇ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಳು.

"ನಮ್ಮತ್ತೆ ಏನಂದವ್ಳೆ ಗೊತ್ತಾ ಟೀಚರಮ್ಮಾ? ಮಿಷಿನ್ ಮನೀಗ್ ಬಂದ್ರೆ ನೀನೂ ನಿನ್ ಮಗ್ಳೂ ಊರಾಗಿರ್ರಿ, ಬರ್ನಿಲ್ಲಾ ಅಂದ್ರೆ ಸುಮ್ಕೆ ಕುರಿ ಹಿಂದೆ ನಡೀರಿ, ಅಂತ."

ಮಿಷನ್ನು ಬರುವ ದಾರಿಯೂ ಒಂದಿತ್ತು. ತರಗತಿ ಮುಗಿಯುವಾಗ ತುಮಕೂರಿನಿಂದ ಇನ್ಸ್‌ಪೆಕ್ಟರಮ್ಮ ಬಂದು ಎಲ್ಲರ ಕೌದಿ ನೋಡಿ, ಚೆನ್ನಾಗಿ ಹೊಲಿದ ಒಬ್ಬರಿಗೆ ಒಂದು ಹೊಸ ಮಿಷನ್ನು ಕೊಡಿಸುವುದೆಂದು ಮಾತಾಗಿತ್ತು. ಅದು ಯಾರಿಗೆ ಸಿಗುತ್ತದೆಂದು ತರಗತಿಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವಳ ಕೈ ಅಂಥದ್ದು. ಚಿಕ್ಕಂದಿನಿಂದ ಕೈಯಲ್ಲಿ ಕೌದಿ ಹೊಲಿದವಳು. ಎಡಗೈ ಹೆಬ್ಬೆರಳ ಉಗುರನ್ನು ಉದ್ದ ಬಿಟ್ಟಿದ್ದಳು. ಆ ಉಗುರನ್ನು ತಗ್ಗಿನಲ್ಲಿಟ್ಟು ಎಳೆದುಕೊಂಡು ಹೋದರೆ ಸೂಜಿ ಹಿಂದೆಯೇ ಬರುತ್ತಿತ್ತು. ತಗ್ಗಿಗೆ ಅವಳು ಓಣಿ ಎನ್ನುತ್ತಿದ್ದಳು, ಎರಡು ಹೊಲದ ಬೇಲಿಗಳ ನಡುವೆ ಕುರಿ ಹೋಗುವ ದಾರಿ ಇರುತ್ತದಲ್ಲ, ಹಾಗೆ. ಗೈಡನ್ನು ಮೊದಲು ನೋಡಿದಾಗ, "ಓ, ಇದು ಮುಂದ್ಲ ಕುರಿ ಬುಡಿ! ಇದು ಓಣಿ ಹಿಡುದ್ರೆ ಸೂಜಿ ಎಲ್ಲೋದಾತು? ಓಣಿ ಬುಟ್ಟು ಯಾರ್ದಾನಾ ಹೊಲಕ್ಕೆ ನುಗ್ದ್ರೆ ಬೈಸ್ಕೊಳೋರು ನಾವೇಯಾ" ಎಂದು ನಕ್ಕಿದ್ದಳು. ಎಲ್ಲರೂ ನಕ್ಕರು. ನನಗೆ ಮಾತ್ರ ನನ್ನ ಗೈಡನ್ನು ಕುರಿ ಎಂದದ್ದು ಸರಿಬರಲಿಲ್ಲ.

ಐ.ಡಿ.ಹಳ್ಳಿಯ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎಷ್ಟೋ ದಿನ ಅವಳು ಬರುವಷ್ಟರಲ್ಲಿ ಗೈಡಿನ ಸರದಿ ಬೇರೆಯವರಿಗೆ ಹೋಗಿರುತ್ತಿತ್ತು. ಹಾಗಾಗಿ ನವರಾತ್ರಿ ಬಂದಾಗ ಉಳಿದವರೆಲ್ಲರ ಕೌದಿಯೂ ಮುಗಿದು, ಅವಳದೊಂದೇ ಬಾಕಿ ಇತ್ತು. ಹಬ್ಬ ಕಳೆದ ಮೇಲೆ ಹೊಲಿದರಾಯಿತು, ಇನ್ಸ್‌ಪೆಕ್ಟರಮ್ಮ ಬರುವುದು ವಾರದ ಕೊನೆಗೆ ತಾನೇ ಎಂದುಕೊಂಡೆವು.

ಆಯುಧ ಪೂಜೆಯ ದಿನ ಐ.ಡಿ.ಹಳ್ಳಿಯವಳೂ ಸೇರಿ ಎಲ್ಲರೂ ನಾಲ್ಕು ಮಿಷನ್ನುಗಳನ್ನೂ ಒರೆಸಿ, ಎಣ್ಣೆ ಬಿಟ್ಟು, ಅರಿಶಿನ ಕುಂಕುಮವಿಟ್ಟು, ಸೇವಂತಿಗೆ ಹೂ ಸುತ್ತಿದೆವು. ಗೈಡನ್ನು ಬಿಚ್ಚಿ ಹುಣಸೆಹಣ್ಣಿನಲ್ಲಿ ತಿಕ್ಕಿ, ಫಳಫಳ ಹೊಳೆಯುವಂತೆ ಮಾಡಿ, ತಟ್ಟೆಯಲ್ಲಿಟ್ಟೆ. ಮಂಗಳಾರತಿ ಆಯಿತು. ಆಗ ಹೊರಗೆ ರಸ್ತೆಯಲ್ಲಿ ಒಂದು ಬಸ್ಸು, ಚಕ್ರದ ಕೆಳಗಿಟ್ಟ ನಿಂಬೆಹಣ್ಣುಗಳ ಮೇಲೆ ಹರಿದು, ಹಾರನ್ನು ಹೊಡೆದುಕೊಂಡು ಹೋಯಿತು.

"ನಮ್ಮ ಮಿಷನ್ನಿಗೂ ಚಕ್ರ ಇದೆ, ಅದ್ಕೆ ನಿಂಬೆಹಣ್ಣು ಬ್ಯಾಡ್ವಾ ಟೀಚರಮ್ಮಾ?" ಎಂದು ಹೊಳವನಹಳ್ಳಿಯಿಂದ ಬರುತ್ತಿದ್ದ ಹುಡುಗಿ ತಮಾಷೆ ಮಾಡಿದಳು.

ನನಗೆ ಅಷ್ಟು ಸಾಕಾಯಿತು. "ಯಾಕೆ ಬೇಡ? ನೋಡ್ತಿರಿ" ಎಂದು ತಟ್ಟೆಯಲ್ಲಿದ್ದ ನಿಂಬೆಹಣ್ಣನ್ನು ಮೇಜಿನ ಮೇಲಿಟ್ಟೆ. ಅದರ ಮೇಲೆ ಗೈಡಿನ ಅಲಗು ಇಟ್ಟೆ. ದೊಡ್ಡ ಕತ್ತರಿ ತಿರುಗಿಸಿ ಹಿಡಿದು, ಅದರ ಹಿಡಿಯಿಂದ ಒಂದು ಏಟು ಕೊಟ್ಟೆ. ನಿಂಬೆಹಣ್ಣು ಸರಿಯಾಗಿ ಎರಡು ಹೋಳಾಯಿತು, ಅಲಗು ಹೋಗಿ ಮೇಜಿನ ಹಲಗೆಗೆ ಕಚ್ಚಿಕೊಂಡಿತು. ಹೆಂಗಸರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ಅಧ್ಯಕ್ಷರಮ್ಮ ಮಾತ್ರ, "ಇದೆಲ್ಲ ಯಾಕ್ರೀ? ಪೂಜೆ ಪೂಜೆ ಥರ ಇರಲಿ" ಎಂದು ಮುಖ ಸಿಂಡರಿಸಿದರು. ನಾನು ಅಲಗನ್ನು ಹಲಗೆಯಿಂದ ಕಿತ್ತು, ಸೆರಗಿನಲ್ಲಿ ಒರೆಸಿ, ಕುಂಕುಮವಿಟ್ಟೆ. ಶಿರಾದ ಸಾಹೇಬರ ಮಾತು ನೆನಪಿಗೇ ಬರಲಿಲ್ಲ.

ವಿಜಯದಶಮಿ ಕಳೆದ ಮರುದಿನ ಐ.ಡಿ.ಹಳ್ಳಿಯವಳು ಬೆಳಗ್ಗೆಯೇ ಬಂದಳು. ಬಸ್ಸಿಗೆ ಕಾಯದೆ ಅರ್ಧ ದಾರಿ ನಡೆದು, ಆಮೇಲೆ ಯಾರದೋ ಗಾಡಿ ಹತ್ತಿ ಬಂದಿದ್ದಳಂತೆ. ಕೌದಿಯನ್ನು ಮಿಷನ್ನಿಗೆ ಕೊಟ್ಟು ಒಂದು ಗೇಣು ಹೊಲಿದವಳೇ ನಿಲ್ಲಿಸಿದಳು.

"ಟೀಚರಮ್ಮಾ, ಒಸಿ ಬರ್ರಿ ಇಲ್ಲಿ. ಅಲಗು ಯಾಕೋ ಒಂಚೂರು ವಾರೆ ಆಗೈತೆ. ಅದು ಓಣಿಯಾಗೇ ಹೋಗ್ತೈತೆ, ಸೂಜಿ ಮಾತ್ರ ಪಕ್ಕಕ್ ಬೀಳ್ತೈತೆ."

ನಾನು ಕುಳಿತಲ್ಲಿಂದ ಏಳಲಿಲ್ಲ. ರಿಜಿಸ್ಟರು ಬರೆಯುತ್ತಿದ್ದೆ. ಇನ್ಸ್‌ಪೆಕ್ಟರಮ್ಮ ಬರುವುದರೊಳಗೆ ಅದು ಮುಗಿಯಬೇಕಿತ್ತು.

"ಹತ್ತು ಜನ ಅದರಲ್ಲೇ ಹೊಲಿದಿದ್ದಾರೆ. ಅವರಿಗೆಲ್ಲ ನೆಟ್ಟಗಿದ್ದ ಅಲಗು ನಿನಗೆ ಮಾತ್ರ ವಾರೆ ಆಯ್ತಾ? ವಾರೆ ಆಗಿರೋದು ನಿನ್ನ ಕೈ, ಅಲಗಲ್ಲ."

"ಅಂಗಲ್ಲ ಕಣಮ್ಮ. ನಾನು ಗೈಡ್ ಬಿಚ್ಚಿಕ್ಕಿ ಉಗುರು ಹಿಡ್ದೇ ಹೊಲ್ಕಂಡೋಗ್ತೀನಿ ಬುಡಿ. ನೆಟ್ಟಗ್ ಬತ್ತೈತೆ."

ಅಷ್ಟಕ್ಕೇ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಗೈಡು ಬೇಡ, ಇವಳ ಉಗುರು ಸಾಕಂತೆ! "ಗೈಡಲ್ಲಿ ಹೊಲಿದ್ರೆ ಮಾತ್ರ ಪರೀಕ್ಷೆಗೆ ಇಡೋದು. ಅಲಗು ತಗ್ಗಿನಲ್ಲಿದೆಯಾ ಅಷ್ಟು ನೋಡ್ಕೋ. ಸೂಜಿ ಕಡೆ ನೋಡಲೇಬೇಡ. ನಾನು ಹೇಳಿದಂಗೆ ಹೊಲಿ, ಇಲ್ಲಾ ಎದ್ದು ಹೋಗು."

ಅವಳು ಎದ್ದು ಹೋಗಲಿಲ್ಲ. ಎದ್ದು ಹೋಗುವ ಹಾಗೆ ಅವಳಿರಲಿಲ್ಲ, ಅದು ನನಗೂ ಗೊತ್ತಿತ್ತು. ಮೂರು ದಿನ ಕುಳಿತು, ನಾನು ಹೇಳಿದ ಹಾಗೆಯೇ, ಅಲಗನ್ನು ತಗ್ಗಿನಲ್ಲಿಟ್ಟು, ಸೂಜಿಯ ಕಡೆ ನೋಡದೆ, ಕೌದಿ ಮುಗಿಸಿದಳು. ಆ ಮೂರು ದಿನದಲ್ಲಿ ನಾನೊಮ್ಮೆ ಹೋಗಿ ನೋಡಬಾರದಿತ್ತೆ? ಮಿಷನ್ನು ಇದ್ದದ್ದು ನನ್ನ ಮೇಜಿನಿಂದ ನಾಲ್ಕು ಹೆಜ್ಜೆ ದೂರ. ಹೋಗಲಿಲ್ಲ. ಹಟ ಬಂದುಬಿಟ್ಟಿತ್ತು.

ಇನ್ಸ್‌ಪೆಕ್ಟರಮ್ಮ ಬಂದರು. ಕೌದಿಗಳನ್ನು ಒಂದೊಂದಾಗಿ ಜಮಖಾನದ ಮೇಲೆ ಹಾಸಿದೆವು. ಐ.ಡಿ.ಹಳ್ಳಿಯವಳ ಕೌದಿ ಹಾಸಿದಾಗ ನನಗೇ ಗಾಬರಿಯಾಯಿತು. ನಸುಗೆಂಪು, ಹಸಿರು, ಹಳದಿ ಚೌಕಗಳು. ಅಷ್ಟು ಚಂದದ ಜೋಡಣೆ ಬೇರೆ ಯಾರದೂ ಇರಲಿಲ್ಲ. ಆದರೆ ಪ್ರತಿಯೊಂದು ತಗ್ಗಿನ ಪಕ್ಕದಲ್ಲೂ, ಬಟ್ಟೆಯ ಮೇಲೆ, ಬಿಳಿ ದಾರದ ಹೊಲಿಗೆ ಎದ್ದು ಕಾಣುತ್ತಿತ್ತು. ಒಂದು ಕಡೆಯೂ ತಗ್ಗಿನೊಳಗೆ ಇಳಿದಿರಲಿಲ್ಲ.

"ಇದೇನಿದು? ಒಂದು ಸಾಲೂ ಸರಿಯಾಗಿ ಕೂತಿಲ್ಲವಲ್ಲ" ಎಂದರು ಇನ್ಸ್‌ಪೆಕ್ಟರಮ್ಮ. ಒಳ್ಳೆಯ ಹೆಂಗಸು, ಅವಸರದವರಲ್ಲ. "ನೀವು ಹೇಳಿದ ಆ ಗೈಡು ಸರಿ ಇದೆಯಾ ಟೀಚರ್? ಒಂದ್ಸಲ ನೋಡಿ" ಎಂದೂ ಸೇರಿಸಿದರು.

ಗೈಡನ್ನು ಬಿಚ್ಚಿಕೊಂಡು ಕಿಟಕಿಯ ಹತ್ತಿರ ಹೋದೆ. ಅದು ಸರಿಯಾಗಿದೆ ಎಂದು ತೋರಿಸುವುದಕ್ಕೇ ಹೋದದ್ದು. ಒಂದು ಕಣ್ಣು ಮುಚ್ಚಿ, ಬೆಳಕಿಗೆ ಹಿಡಿದು, ಅಲಗಿನ ನೇರಕ್ಕೆ ನೋಡಿದೆ. ಅಲಗು ಬಲಕ್ಕೆ ಬಾಗಿತ್ತು. ಎಷ್ಟು? ಒಂದು ಕೂದಲೆಳೆ, ಎರಡು ಕೂದಲೆಳೆ. ತುದಿಯಲ್ಲಿ ನನ್ನ ಮೇಜಿನ ಹಲಗೆಯ ಗುರುತು ಕೂಡ ಇತ್ತು.

ಕೋಣೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಧ್ಯಕ್ಷರಮ್ಮ ನೋಡುತ್ತಿದ್ದರು, ನಿಂಬೆಹಣ್ಣಿಗೆ ಮುಖ ಸಿಂಡರಿಸಿದವರು. ಚಪ್ಪಾಳೆ ತಟ್ಟಿದವರೆಲ್ಲ ನೋಡುತ್ತಿದ್ದರು. ಬಾಗಿದೆ ಎಂದರೆ ಮುಂದಿನ ಪ್ರಶ್ನೆ ಯಾಕೆ ಬಾಗಿತು ಎಂಬುದು. ಅದಕ್ಕೆ ಉತ್ತರ ಹೇಳಿದರೆ ನನ್ನ ಮಾನ ಹೋಗುತ್ತದೆ, ಇನ್ನೂ ಕಾಯಂ ಆಗದ ಕೆಲಸವೂ ಹೋದೀತು. ಇದನ್ನೆಲ್ಲ ಯೋಚಿಸಲು ಎಷ್ಟು ಹೊತ್ತು ಬೇಕು? ಕಣ್ಣು ಮುಚ್ಚಿ ತೆರೆಯುವಷ್ಟು.

"ಸರಿಯಾಗೇ ಇದೆ ಮೇಡಂ" ಎಂದೆ.

ಥೂ ನನ್ನ ಬಾಯಿಗಿಷ್ಟು! ಅಷ್ಟಕ್ಕೆ ಸುಮ್ಮನಾಗಿದ್ದರೂ ಆಗುತ್ತಿತ್ತು. "ಕೆಲವರಿಗೆ ಕೈ ಹಿಡಿತಕ್ಕೆ ಬರೋದು ನಿಧಾನ" ಎಂದೂ ಹೇಳಿದೆ.

ಅವಳು ಬಾಗಿಲ ಹತ್ತಿರ ನಿಂತಿದ್ದಳು. ನಾನು ಕಿಟಕಿಯಲ್ಲಿ ನೋಡಿದ್ದನ್ನು ಅವಳೂ ನನ್ನ ಮುಖದಲ್ಲಿ ನೋಡಿದ್ದಳು. ಈಗ ಮಾತನಾಡುತ್ತಾಳೆ, ಈಗ ನಿಂಬೆಹಣ್ಣಿನ ಕಥೆ ಹೇಳುತ್ತಾಳೆ ಎಂದು ನಾನು ಕಾಯುತ್ತ ನಿಂತೆ. ಅವಳು ತಲೆ ತಗ್ಗಿಸಿ ತನ್ನ ಹೆಬ್ಬೆರಳ ಉಗುರು ನೋಡಿಕೊಂಡಳು, ಅಷ್ಟೆ.

ಮಿಷನ್ನು ಹೊಳವನಹಳ್ಳಿಯ ಹುಡುಗಿಗೆ ಹೋಯಿತು. ಅವಳಿಗೆ ಮದುವೆ ಗೊತ್ತಾಗಿತ್ತು. ಆಮೇಲೆ ಕೇಳಿದ್ದು, ಗಂಡನ ಮನೆಯಲ್ಲಿ ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿ ಮೇಲೆ ರೇಡಿಯೋ ಇಟ್ಟಿದ್ದಾರೆ ಎಂದು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಮಿಷನ್ನು ಕೊಟ್ಟರೆ ಯಾರು ಬೇಡ ಎನ್ನುತ್ತಾರೆ? ಐ.ಡಿ.ಹಳ್ಳಿಯವಳು ಮರುದಿನದಿಂದ ಬರಲಿಲ್ಲ. ಅವಳ ಕೌದಿ ತರಗತಿಯ ಕಪಾಟಿನಲ್ಲೇ ಉಳಿಯಿತು.

ಮುಂದಿನ ಸೋಮವಾರ ನಾನು ಶಿರಾದ ಬಸ್ಸು ಹತ್ತಿದೆ. ಗೈಡನ್ನೂ ತೆಗೆದುಕೊಂಡೆ, ಕೌದಿಯನ್ನೂ ಚೀಲಕ್ಕೆ ತುರುಕಿಕೊಂಡೆ. ಕೌದಿ ಯಾಕೆ ಅಂತೀರಾ? ಸಾಹೇಬರ ಮೇಲೆ ಜಗಳ ಮಾಡಲು! ನೀವು ಮೆದು ಹಿತ್ತಾಳೆ ಹಾಕಿದಿರಿ, ಅದಕ್ಕೇ ಬಾಗಿತು, ನೋಡಿ ನಿಮ್ಮಿಂದ ಒಬ್ಬಳ ಕೆಲಸ ಕೆಟ್ಟಿತು ಎಂದು ಹೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಮನುಷ್ಯರು ಎಷ್ಟು ಕೀಳಾಗಬಹುದು ಎನ್ನುವುದಕ್ಕೆ ಬೇರೆಯವರನ್ನು ಹುಡುಕಬೇಕಿಲ್ಲ.

ಸಾಹೇಬರು ಗೈಡನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಯಾ ಅಲ್ಲಾ! ಇದ್ರಾಗೆ ಏನ್ ತೆಂಗಿನಕಾಯ್ ಒಡದ್ರಾ ಅಮ್ಮಾ?" ಎಂದರು. ಇಕ್ಕಳದಲ್ಲಿ ಹಿಡಿದು, ಸಣ್ಣ ಸುತ್ತಿಗೆಯಿಂದ ಎರಡು ಸಲ ತಟ್ಟಿ, ನೆಟ್ಟಗೆ ಮಾಡಿ ಕೊಟ್ಟರು. ಒಂದು ಟೀ ಕುಡಿಯುವಷ್ಟು ಹೊತ್ತು ಹಿಡಿಯಲಿಲ್ಲ. ಜೋಡಿಸಿಕೊಂಡು ಹೋದ ಜಗಳವನ್ನು ನಾನು ಅಲ್ಲಿಗೇ ಬಿಟ್ಟೆ. ಸುಮ್ಮನೆ ಕೌದಿಯನ್ನು ಬಿಡಿಸಿ ಅವರ ಮುಂದೆ ಹಾಕಿದೆ.

ಅವರು ಕೌದಿಯ ಈ ತುದಿಯಿಂದ ಆ ತುದಿಗೆ ಬೆರಳಾಡಿಸುತ್ತ ಹೋದರು. ಆಮೇಲೆ ಅಳತೆ ಪಟ್ಟಿ ತೆಗೆದು ಅಲ್ಲಿ, ಇಲ್ಲಿ, ಮತ್ತೊಂದು ಕಡೆ ಇಟ್ಟು ನೋಡಿದರು.

"ಇದನ್ನ ಹೊಲ್ದಿದ್ದು ಯಾರು?"

"ಕಲಿಯೋಕೆ ಬರೋಳು ಒಬ್ಬಳು."

"ಕಲಿಯೋಕೆ ಬರೋಳಾ? ಅಮ್ಮಾ, ಇಲ್ಲಿ ನೋಡಿ. ಸಂದಿನಿಂದ ಹೊಲಿಗೆಗೆ ಎಷ್ಟು ದೂರ ಐತೋ, ಈ ತುದೀಲೂ ಅಷ್ಟೇ, ಆ ತುದೀಲೂ ಅಷ್ಟೇ, ಎಲ್ಲಾ ಸಾಲ್ನಾಗೂ ಅಷ್ಟೇ. ಕೈ ಸರಿ ಇಲ್ದಿದ್ರೆ ಒಂದ್ಕಡೆ ಹತ್ರ, ಒಂದ್ಕಡೆ ದೂರ ಆಗ್ತಿತ್ತು. ತಪ್ಪೆಲ್ಲಾ ಅಲಗಿಂದು. ಈ ಕೈಯಾಗೆ ತಪ್ಪೇ ಇಲ್ಲ. ನಲ್ವತ್ತು ವರ್ಷ ಆಯ್ತು ನಾನು ಈ ಕೆಲಸಕ್ಕೆ ಕೂತು, ಇಂಥಾ ಹಾತ್ ನೋಡಿಲ್ಲ."

ಕೇಳಿ ನಾನು ಅಲ್ಲೇ ನೆಲಕ್ಕಿಳಿದು ಹೋದೆ. ಈ ಮಾತನ್ನು ಹೇಳಬೇಕಾದವಳು ನಾನು. ಇನ್ಸ್‌ಪೆಕ್ಟರಮ್ಮನ ಮುಂದೆ ಅಳತೆ ಪಟ್ಟಿ ಇಟ್ಟು ತೋರಿಸಬೇಕಾದವಳು ನಾನು. ಟೀಚರಮ್ಮ ಅನ್ನಿಸಿಕೊಂಡವಳು ನಾನು.

ಇನ್ನೂ ಹೊತ್ತು ಮೀರಿರಲಿಲ್ಲ. ಮಧುಗಿರಿಗೆ ಬಂದು ಅಧ್ಯಕ್ಷರಮ್ಮನ ಮನೆಗೆ ಹೋಗಿ ಒಂದು ಮಾತು ಹೇಳಬಹುದಿತ್ತು. ಅವರ ಮನೆ ಬಾಗಿಲವರೆಗೆ ಎರಡು ಸಲ ಹೋದೆ. ಒಂದು ಸಲ ಅವರು ಊಟಕ್ಕೆ ಕುಳಿತಿದ್ದರು, ತೊಂದರೆ ಯಾಕೆ ಎಂದು ಬಂದೆ. ಇನ್ನೊಂದು ಸಲ ನೆಂಟರಿದ್ದರು. ಮೂರನೆಯ ಸಲ ಹೋಗಲಿಲ್ಲ. ಸುಗ್ಗಿ ಮುಗಿದ ಮೇಲೆ ಐ.ಡಿ.ಹಳ್ಳಿಯವಳ ಮನೆಯವರು ಮಂದೆಯೊಡನೆ ಹೊರಟರಂತೆ, ತಾಯಿ ಮಗಳೂ ಜೊತೆಗೆ ಹೋದರಂತೆ ಎಂದು ಕೇಳಿದಾಗ, ಇನ್ನು ಹೇಳಿ ಏನು ಉಪಯೋಗ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ವರ್ಷವೇ ನನ್ನ ಕೆಲಸ ಕಾಯಂ ಆಯಿತು.

ಏಳೆಂಟು ವರ್ಷ ಕಳೆಯಿತು. ಮದುವೆಯಾಗಿ ನಾನು ಪಾವಗಡಕ್ಕೆ ಬಂದಿದ್ದೆ, ಅಲ್ಲೂ ಹೊಲಿಗೆ ಕಲಿಸುತ್ತಿದ್ದೆ. ಆ ಕೌದಿ ನನ್ನ ಟ್ರಂಕಿನ ತಳದಲ್ಲಿ, ಮದುವೆ ಸೀರೆಗಳ ಕೆಳಗೆ ಇತ್ತು. ಹೊದೆಯಲು ಮನಸ್ಸು ಬರಲಿಲ್ಲ, ಬಿಸಾಡಲು ಧೈರ್ಯ ಬರಲಿಲ್ಲ. ಒಂದು ದಿನ ನಾಗಲಮಡಿಕೆಯ ದಾರಿಯಲ್ಲಿದ್ದ ಹಳ್ಳಿಗೆ, ತರಗತಿಗೆ ಬರುವುದು ನಿಲ್ಲಿಸಿದ್ದ ಹೆಂಗಸೊಬ್ಬಳನ್ನು ಕಂಡು ಬರಲು ಹೋಗಿದ್ದೆ. ವಾಪಸು ಬರುವಾಗ ಕಡಲೆಕಾಯಿ ಕಿತ್ತ ಹೊಲದಲ್ಲಿ ದೊಡ್ಡದೊಂದು ಕುರಿಮಂದೆ ನಿಂತಿತ್ತು. ಹೊಲಕ್ಕೆ ಗೊಬ್ಬರವಾಗಲಿ ಎಂದು ಹೊಲದವರೇ ಕರೆದು ನಿಲ್ಲಿಸಿಕೊಳ್ಳುತ್ತಾರೆ. ಬದುವಿನ ಮೇಲೆ ಅಡುಗೆಗೆ ಒಲೆ ಹೂಡುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿದಳು.

"ಟೀಚರಮ್ಮಾ! ನೀವಲ್ರಾ?"

ಅವಳೇ. ಸೊರಗಿದ್ದಳು, ಬಿಸಿಲಿಗೆ ಇನ್ನಷ್ಟು ಕಪ್ಪಾಗಿದ್ದಳು, ನಗು ಮಾತ್ರ ಅದೇ. ಓಡಿ ಬಂದು ಕೈ ಹಿಡಿದುಕೊಂಡಳು. ಕಂಬಳಿ ಹಾಸಿ ಕೂರಿಸಿದಳು, ಚೊಂಬಿನಲ್ಲಿ ನೀರು ಕೊಟ್ಟಳು. ದೂರದಲ್ಲಿ ಹನ್ನೆರಡು ಹದಿಮೂರು ವರ್ಷದ ಹುಡುಗಿಯೊಬ್ಬಳು ಮರಿಗಳನ್ನು ಬಿದಿರ ಪಂಜರಕ್ಕೆ ತುಂಬುತ್ತಿದ್ದಳು.

"ಅವ್ಳು ನಿನ್ನ ಮಗಳಾ?" ಎಂದೆ.

"ಊಂ ಕಣಮ್ಮ. ನೋಡ್ರಿ, ಎಷ್ಟುದ್ದ ಬೆಳ್ದವ್ಳೆ."

"ಸ್ಕೂಲಿಗೆ..." ಎಂದು ಅರ್ಧಕ್ಕೇ ನಿಲ್ಲಿಸಿದೆ.

"ಎಲ್ಲಿ ಸ್ಕೂಲು? ಇವತ್ತಿಲ್ಲಿ, ನಾಳೀಕ್ ಎಲ್ಲೋ. ಹೆಸ್ರು ಬರ್ಯಾಕ್ ಬತ್ತೈತೆ. ಯಾರೋ ಮೇಷ್ಟ್ರು ಹದ್ನೈದು ದಿನ ಹೇಳ್ಕೊಟ್ಟಿದ್ರು" ಎಂದಳು. ಬೇಸರದಿಂದ ಹೇಳಲಿಲ್ಲ. ಬಸ್ಸು ಬರಲಿಲ್ಲ ಎನ್ನುವ ಹಾಗೆ ಹೇಳಿದಳು.

ನನಗೆ ತಡೆಯಲಾಗಲಿಲ್ಲ. "ಅವತ್ತು ಅಲಗು ಬಾಗಿತ್ತು ಕಣೇ. ನಾನೇ ಬಗ್ಗಿಸಿದ್ದು. ಕಿಟಕಿ ಹತ್ರ ನೋಡಿದ ತಕ್ಷಣ ಗೊತ್ತಾಯ್ತು. ಗೊತ್ತಿದ್ದೂ ಸುಳ್ಳು ಹೇಳಿದೆ" ಎಂದು ಗಡಗಡ ಹೇಳಿ ಮುಗಿಸಿದೆ. ಕಣ್ಣಲ್ಲಿ ನೀರು ಬಂತು.

ಅವಳು ಒಲೆಗೆ ಕಡ್ಡಿ ಮುರಿದು ಹಾಕುತ್ತ, "ಗೊತ್ತು ಬುಡಿ. ನಿಂಬೆಣ್ಣಿಗೆ ಏಟ್ ಕೊಟ್ರಲ್ಲ, ಆವತ್ತೇ ಅನ್ಕಂಡೆ" ಎಂದಳು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ ನೀನು?"

ಅವಳು ಕಡ್ಡಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಿಜವಾಗಿಯೂ ಆಶ್ಚರ್ಯಪಟ್ಟಿದ್ದಳು.

"ಹೇಳ್ದೆ ಅಲ್ವಾ ಟೀಚರಮ್ಮಾ?"

ಹೌದು, ಹೇಳಿದ್ದಳು. ಮೊದಲ ಗೇಣಿನಲ್ಲೇ ಹೇಳಿದ್ದಳು. ಮನೆಯಲ್ಲಿ ನನ್ನದೊಂದು ಮಿಷನ್ನಿದೆ, ಅದನ್ನು ನೀನು ತೆಗೆದುಕೊಂಡು ಹೋಗು ಎಂದೆ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಅಯ್ ನಿಮ್ಮ! ಕತ್ತೆ ಮ್ಯಾಲ್ ಹೊರ್ಸ್ಕಂಡು ಹೋಗ್ಲಾ? ಅದ್ರ ಕಾಲ ಆಗೋಯ್ತು ಬುಡ್ರಿ." ಆಮೇಲೆ ಏನೋ ನೆನಪಾದಂತೆ, "ಆ ಕೌದಿ ಏನಾಯ್ತು ಟೀಚರಮ್ಮಾ? ಎಲ್ಲಾನಾ ಐತಾ? ಹಸ್ರು ತುಂಡು ನಮ್ಮವ್ವನ ಸೀರೇದು. ಈಗ ಅವ್ವ ಇಲ್ಲ" ಎಂದಳು.

ಇದೆ, ನಾಳೆ ತರುತ್ತೇನೆ ಎಂದೆ. ನಾಳೆ ಮಧ್ಯಾಹ್ನದವರೆಗೂ ಮಂದೆ ಇಲ್ಲೇ ಇರುತ್ತದೆ ಎಂದಳು.

ಮರುದಿನ ಮೊದಲ ಬಸ್ಸಿಗೆ ಹೋದೆ. ಹೊಲದ ಯಜಮಾನರು ಬದುವಿನ ಮೇಲಿದ್ದರು. "ಬೊಂತ ತೆಚ್ಚಿನಾರಾ ಅಮ್ಮಾ?" ಎಂದರು. ಕೌದಿ ತಂದಿರಾ ಎಂದು ತೆಲುಗಿನಲ್ಲಿ ಕೇಳಿದ್ದು, ಆ ಕಡೆ ಕೌದಿಗೆ ಬೊಂತ ಎನ್ನುತ್ತಾರೆ. ಅವರಿಗೂ ಹೇಳಿಟ್ಟು ಕಾಯುತ್ತಿದ್ದಳು ಅವಳು. ಕೌದಿಯನ್ನು ಕಂಬಳಿಯ ಮೇಲೆ ಬಿಡಿಸಿದಳು. ಹಸಿರು ಚೌಕಗಳನ್ನು ಅಂಗೈಯಿಂದ ಸವರಿದಳು. ನಂತರ ಮಗಳನ್ನು ಕೂಗಿ ಕರೆದಳು. ಹುಡುಗಿ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕುಳಿತಳು.

"ನೋಡ್ ಮಗ, ಇದು ನಾನು ಮಿಷಿನ್ನಾಗ್ ಹೊಲ್ದಿದ್ದು" ಎಂದಳು, ಏನೋ ದೊಡ್ಡ ಗುಟ್ಟು ಹೇಳುವವಳಂತೆ.

ಹುಡುಗಿಯ ಎಡಗೈ ಹೆಬ್ಬೆರಳಲ್ಲೂ ಉದ್ದನೆಯ ಉಗುರಿತ್ತು. ಅದನ್ನು ಓಣಿಯಲ್ಲಿಟ್ಟು ಒಂದು ಮೊಳದಷ್ಟು ಎಳೆದುಕೊಂಡು ಹೋಗಿ ನಿಲ್ಲಿಸಿದಳು. ತಾಯಿಯಂತೆಯೇ ಅವಳಿಗೂ ತಕ್ಷಣ ಗೊತ್ತಾಯಿತು.

"ಅವ್ವಾ, ಹೊಲ್ಗೆ ಓಣಿಯಾಗೇ ಇಲ್ಲ. ಎಲ್ಲಾ ಪಕ್ಕಕ್ಕೋಗೈತಲ್ಲ?"

ನಾನು ಅವರಿಬ್ಬರ ಮುಂದೆಯೇ ಕುಳಿತಿದ್ದೆ. ತಾಯಿ ನನ್ನ ಕಡೆ ಒಂದು ಸಲ ನೋಡಿದಳು, ಮಗಳ ತಲೆಗೂದಲು ಹಿಂದಕ್ಕೆ ಸರಿಸಿದಳು.

"ಊಂ ಕಣ್ ಮಗ. ಆವಾಗಿನ್ನೂ ನಂಗೆ ಕೈ ಕೂತಿರ್ಲಿಲ್ಲ. ಟೀಚರಮ್ಮ ಸರ್ಯಾಗೇ ಹೇಳ್ಕೊಟ್ಟಿದ್ರು, ನಂಗೇ ಬರ್ನಿಲ್ಲ."

ಹುಡುಗಿ ಹೌದೇ ಎನ್ನುವಂತೆ ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.